ಚಿಪ್ಪಿನೊಳಗೆ ಎಳೆದುಕೊಂಡ ಕತ್ತು



ಧಮ್ಮ ಬಂಧುಗಳೇ, ಇಂದಿನ ಚಿಂತನೆ ಸ್ವಲ್ಪ ಉದ್ದವಾಗಿದೆ. ರವಿವಾರ ಇದೆ, ಪುರುಸೊತ್ತಿನಲ್ಲಿ ಓದಿರಿ.

ಸಂಯುತ್ತ ನಿಕಾಯದ ಸಳಾಯತನ ಸಂಯುತ್ತದಲ್ಲಿ ಒಂದು ಆಮೆಯ ಸುತ್ತ ಬರುತ್ತದೆ. ಕತೆ ಸಣ್ಣದು. ಸಂಜೆ ಹೊತ್ತು ನದಿಯ ದಂಡೆಯಲ್ಲಿ ಆಮೆಯೊಂದು ಆಹಾರ ಹುಡುಕುತ್ತ ಹೊರಟಿದೆ. ಅದೇ ದಂಡೆಗೆ ನರಿಯೊಂದು ಬೇಟೆಗೆ ಬರುತ್ತದೆ. ದೂರದಿಂದಲೇ ನರಿಯನ್ನು ಕಂಡ ಆಮೆ ನಾಲ್ಕು ಕಾಲು, ಕತ್ತು ಎಲ್ಲವನ್ನೂ ಚಿಪ್ಪಿನೊಳಗೆ ಎಳೆದುಕೊಂಡು ಸದ್ದಿಲ್ಲದೆ ಕೂತುಬಿಡುತ್ತದೆ. ನರಿ ಹತ್ತಿರ ಬಂದು ಕಾಯುತ್ತದೆ. ಯಾವುದಾದರೂ ಒಂದು ಅಂಗ ಹೊರಗೆ ಬಂದರೆ ಸಾಕು, ಅದನ್ನೇ ಹಿಡಿದೆಳೆದು ತಿನ್ನಬೇಕೆಂದು ಅದರ ಲೆಕ್ಕ. ಆಮೆ ಏನನ್ನೂ ಚಾಚುವುದಿಲ್ಲ. ಕಾದು ಕಾದು ಬೇಸತ್ತ ನರಿ ತನ್ನ ದಾರಿ ಹಿಡಿಯುತ್ತದೆ. ಮಾರನೂ ನಿಮ್ಮ ಪಕ್ಕದಲ್ಲಿ ಹೀಗೆಯೇ ಕಾಯುತ್ತಿರುತ್ತಾನೆ; ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸು ಈ ಆರು ಬಾಗಿಲುಗಳನ್ನು ಕಾಯ್ದುಕೊಳ್ಳಿ ಎಂದು ಭಗವಾನರು ಭಿಕ್ಖುಗಳಿಗೆ ಹೇಳುತ್ತಾರೆ.

ಇದಕ್ಕೆ ನಾವು ಇಂದ್ರಿಯ ಸಂವರ ಎನ್ನುತ್ತೇವೆ. ಅರ್ಥವೇನೋ ಸ್ಪಷ್ಟವಾಗಿಯೇ ಇದೆ. ಆದರೆ ಈ ಸುತ್ತವನ್ನು ಓದಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ. ಕತ್ತು ಒಳಗೆಳೆದುಕೊಂಡು ಸುಮ್ಮನೆ ಕೂರುವುದು ಯಾವಾಗ ಸಂವರ, ಯಾವಾಗ ಬರೀ ಹೆದರಿಕೆ? ಹೊರಗೆ ನಿಂತು ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ತಲೆ ತಗ್ಗಿಸಿ ನಡೆಯುವುದನ್ನು ತಲೆಮಾರುಗಳಿಂದ ಕಲಿತು ಬಂದ ಮನೆಗಳವರು ನಾವು. ನಮ್ಮ ಮುತ್ಯಾಗಳ ಮೌನವನ್ನು ಊರಿನವರು ಒಳ್ಳೆಯತನ ಎಂದು ಹೊಗಳಿದ್ದೂ ಉಂಟು. ಆದ್ದರಿಂದ ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು.

ಉತ್ತರವನ್ನು ಅಟ್ಠಕಥೆಗಳಲ್ಲಿ ಹುಡುಕುವ ಮುಂಚೆ ನಾನು ಆಮೆಯನ್ನೇ ನೋಡಲು ಹೋಗುತ್ತೇನೆ. ನನ್ನದು ಹುಮನಾಬಾದ ತಾಲೂಕಿನ ಶಾಲೆ, ಮನೆ ಬಸವಕಲ್ಯಾಣದಲ್ಲಿ. ಮಳೆಗಾಲದಲ್ಲಿ ತ್ರಿಪುರಾಂತ ಕೆರೆಯ ಕಡೆಗೋ ಚುಳಕಿ ನಾಲಾದ ಹಿನ್ನೀರಿನ ಕಡೆಗೋ ಸಂಜೆ ಒಂದು ಸುತ್ತು ಹೋಗಿ ಕೂರುವ ರೂಢಿ ಇದೆ. ನಮ್ಮ ಕಡೆಯ ಕೆರೆಗಳಲ್ಲಿ ಕಾಣುವುದು ಹೆಚ್ಚಾಗಿ ನುಣುಪು ಚಿಪ್ಪಿನ ಆಮೆ. ಬೆನ್ನ ಮೇಲೆ ಗಟ್ಟಿ ಫಲಕಗಳಿಲ್ಲ, ಎಲುಬಿನ ಮೇಲೆ ಚರ್ಮ ಹೊದಿಸಿದಂತೆ ಇರುತ್ತದೆ. ಮೂತಿಯ ತುದಿಯಲ್ಲಿ ಪುಟ್ಟ ಕೊಳವೆಯಂಥ ಮೂಗು. ಹೊಟ್ಟೆಯ ಅಡಿಯಲ್ಲಿ ಎರಡು ಮಡಿಕೆಗಳಿವೆ. ಹಿಂಗಾಲು ಒಳಗೆಳೆದುಕೊಂಡ ಮೇಲೆ ಆ ಮಡಿಕೆಗಳನ್ನು ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ.

ಹೆಜ್ಜೆ ಸಪ್ಪಳವಾದ ಕೂಡಲೇ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿದ್ದ ಆಮೆ ದುಡುಂ ಎಂದು ನೀರಿಗೆ ಬೀಳುತ್ತದೆ. ಆಮೇಲೆ ಕಾಯಬೇಕು. ಮೊದಲು ಮೂಗಿನ ತುದಿ ಮಾತ್ರ ನೀರಿನ ಮೇಲೆ ಬರುತ್ತದೆ, ಜೋಳದ ಕಾಳಿನಷ್ಟು. ಅದು ಮುಳುಗುತ್ತದೆ. ಇನ್ನೊಂದು ಕಡೆ ಏಳುತ್ತದೆ. ಈ ಸಲ ಕಣ್ಣೂ ಮೇಲಿರುತ್ತವೆ. ನಾನು ಕೂತಲ್ಲಿಂದ ಅಲುಗದಿದ್ದರೆ ಹತ್ತಿಪ್ಪತ್ತು ನಿಮಿಷಕ್ಕೆ ಮತ್ತೆ ಅದೇ ಕಲ್ಲು ಹತ್ತುತ್ತದೆ. ಕಲ್ಲಿನ ಹತ್ತಿರ ಹೋಗಿ ನಿಂತರೆ ಕತ್ತಲಾಗುವವರೆಗೂ ಬರುವುದಿಲ್ಲ. ಕೆರೆಯ ಆಮೆ ಎಷ್ಟು ಹೊತ್ತು ಒಳಗಿರಬೇಕೆಂದು ತೀರ್ಮಾನಿಸುವುದು ಆಮೆಯೇ. ಆದರೆ ಆ ತೀರ್ಮಾನದಲ್ಲಿ ನಾನು ಎಷ್ಟು ದೂರ ಕೂತಿದ್ದೇನೆ ಎಂಬ ಲೆಕ್ಕವೂ ಸೇರಿರುತ್ತದೆ.

ಶಾಲೆಯ ಮಕ್ಕಳಿಗೆ ಆಮೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ದೊಡ್ಡವರಿಗೂ ಇದೆ. ಚಿಪ್ಪು ಅದರ ಮನೆ, ಬೇಕೆಂದಾಗ ಬಿಟ್ಟು ಹೊರಗೆ ಬರಬಹುದು ಎಂದುಕೊಳ್ಳುತ್ತಾರೆ. ಕಾರ್ಟೂನುಗಳಲ್ಲಿ ಅಂಗಿ ಬಿಚ್ಚಿದ ಹಾಗೆ ಚಿಪ್ಪು ಬಿಚ್ಚುತ್ತವಲ್ಲ. ನಿಜದಲ್ಲಿ ಆಮೆಯ ಬೆನ್ನೆಲುಬು, ಪಕ್ಕೆಲುಬುಗಳೇ ಹರಡಿ ಬೆಸೆದು ಚಿಪ್ಪಾಗಿವೆ. ಅದರಲ್ಲಿ ನರಗಳಿವೆ, ಮುಟ್ಟಿದರೆ ತಿಳಿಯುತ್ತದೆ, ಒಡೆದರೆ ನೋಯುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಗಟ್ಟಿ ಚಿಪ್ಪಿನೊಳಗೆ ಜಾಗ ಇರುವುದೇ ಅಷ್ಟು. ಕತ್ತು, ಕಾಲು ಒಳಗೆ ಸೇರಬೇಕಾದರೆ ಶ್ವಾಸಕೋಶದ ಗಾಳಿ ಹೊರಗೆ ಹೋಗಬೇಕು. ಗಾಬರಿಯಾದ ಆಮೆ ಬುಸ್ ಎನ್ನುವುದು ಅದಕ್ಕೇ. ನಾವು ಅದನ್ನು ಸಿಟ್ಟು ಎಂದುಕೊಳ್ಳುತ್ತೇವೆ. ಪೂರ್ತಿ ಒಳಗೆ ಮುದುಡಿಕೊಂಡ ಆಮೆಗೆ ತುಂಬಿದ ಉಸಿರು ತೆಗೆದುಕೊಳ್ಳಲು ಜಾಗವಿರುವುದಿಲ್ಲ. ಒಂದು ಗಳಿಗೆ ಹೀಗಿರಬಹುದು, ಒಂದು ತಾಸೂ ಇರಬಹುದು. ಬದುಕೆಲ್ಲ ಹೀಗೆ ಇರು ಎಂದರೆ?

ಈಗ ಬಾವಿಯ ಆಮೆಯ ವಿಚಾರಕ್ಕೆ ಬರುತ್ತೇನೆ. ನಮ್ಮ ಕಡೆಯ ಹಳೆಯ ಕಲ್ಲು ಕಟ್ಟಿದ ಬಾವಿಗಳಲ್ಲಿ ಆಮೆ ಬಿಡುವ ಪದ್ಧತಿ ಇತ್ತು, ಕೆಲವೆಡೆ ಈಗಲೂ ಇದೆ. ಬಿದ್ದ ಹುಳ, ಕೊಳೆತ ಎಲೆ, ಸತ್ತ ಕಪ್ಪೆ ತಿಂದು ನೀರು ಚೊಕ್ಕ ಇಡುತ್ತದೆ ಎಂದು. ನಮ್ಮ ಆಯಿ ಹೇಳುತ್ತಿದ್ದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಊರಾನ ಬಾವ್ಯಾಗ ಆಮಿ ಇರ್ತಿತ್ತು, ನಮ್ಮ ಕೊಡ ಇಳೀತಿದ್ದಿಲ್ಲ." ಆಯಿ ಇದನ್ನು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಮಳೆ ಬಂತು, ಬೆಳೆ ಬಂತು ಎಂದ ಹಾಗೆ ಹೇಳುತ್ತಿದ್ದಳು. ಕಟ್ಟೆಯ ಕೆಳಗೆ ಕೊಡ ಇಟ್ಟು, ಮೇಲಿನವರು ಯಾರಾದರೂ ಬಂದು ನೀರು ಹೊಯ್ಯುವವರೆಗೆ ಕಾಯಬೇಕು. ಒಳಗೆ ಆಮೆ ಆರಾಮಾಗಿ ಈಜುತ್ತಿರುತ್ತದೆ.

ಚಿಕ್ಕಂದಿನಲ್ಲಿ ಇದನ್ನು ಕೇಳಿ ನನಗೆ ಆಮೆಯ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಈಗ ಯೋಚಿಸಿದರೆ ಆ ಆಮೆಯ ಪಾಡೇನೂ ಭಾಗ್ಯದ್ದಾಗಿರಲಿಲ್ಲ. ಯಾರೋ ಕೆರೆಯಿಂದ ಹಿಡಿದು ತಂದು ಹಾಕಿದ್ದು. ನಾಲ್ಕೂ ಕಡೆ ನೆಟ್ಟಗೆ ಕಲ್ಲಿನ ಗೋಡೆ, ಮೊಟ್ಟೆ ಇಡಲು ಒಂದು ಗೇಣು ಮಣ್ಣಿಲ್ಲ, ಜೊತೆಗೆ ಇನ್ನೊಂದು ಆಮೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ನೀರಿನೊಳಗೆ ಪ್ರವೇಶ ಸಿಕ್ಕಿದ್ದು ಇನ್ನೊಬ್ಬರ ಕೊಳೆ ತೆಗೆಯುವ ಕೆಲಸಕ್ಕೆ. ಊರು ಚೊಕ್ಕ ಇಡುವ ಕೆಲಸ ಕೊಟ್ಟು ಊರಿನ ಹೊರಗೆ ಇಟ್ಟ ನಮ್ಮವರನ್ನೂ, ನೀರು ಚೊಕ್ಕ ಇಡುವ ಕೆಲಸ ಕೊಟ್ಟು ಬಾವಿಯೊಳಗೆ ಹಾಕಿದ ಆ ಪ್ರಾಣಿಯನ್ನೂ ಒಂದೇ ಸಾಲಿನಲ್ಲಿ ನೆನೆಯುವುದು ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ನಮ್ಮನ್ನು ಪ್ರಾಣಿಗೆ ಹೋಲಿಸಿದವರ ಮಾತು ಕೇಳಿ ಬೆಂದವರು ನಾವು, ನಿಜ. ಆದರೆ ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಅದಕ್ಕಿಂತ ವಿಶಾಲ, ಅದು ಜೀವವಿರುವ ಎಲ್ಲವನ್ನೂ ಒಳಗೊಳ್ಳಬೇಕು ಎಂದು ವಿವರಿಸಿದ್ದಾರೆ. ಆ ಮೈತ್ರಿ ಬಾವಿಯ ಕಟ್ಟೆಯವರೆಗೆ ಬಂದು ನಿಲ್ಲಬೇಕಾಗಿಲ್ಲ.

ಮಹಾಡದ ಚವದಾರ್ ಕೆರೆಯಲ್ಲೂ ನಡೆದದ್ದು ಇದೇ. ದನ ನೀರು ಕುಡಿಯಬಹುದಿತ್ತು, ನಾಯಿ ಕುಡಿಯಬಹುದಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ಬೊಗಸೆ ನೀರು ಕುಡಿದರು. ಇದನ್ನು ನಾವೆಲ್ಲ ಪ್ರತಿವರ್ಷ ನೆನೆಯುತ್ತೇವೆ. ಆ ನಂತರದ್ದನ್ನು ಅಷ್ಟು ನೆನೆಯುವುದಿಲ್ಲ. ನೀರು ಕುಡಿದು ಮರಳಿದ ಜನರ ಮೇಲೆ ದೊಣ್ಣೆಗಳೊಂದಿಗೆ ದಾಳಿಯಾಯಿತು. ತಿರುಗಿ ಹೊಡೆಯುವಷ್ಟು ಜನಬಲ ನಮ್ಮವರ ಹತ್ತಿರವೂ ಇತ್ತು. ಬಾಬಾಸಾಹೇಬರು ಕೈ ಎತ್ತಗೊಡಲಿಲ್ಲ. ದಾಳಿ ಮಾಡಿದವರ ಮೇಲೆ ಕಾನೂನಿನ ಪ್ರಕಾರ ದೂರು ಹೋಯಿತು. ಕೆರೆಯನ್ನು 108 ಗಡಿಗೆ ಪಂಚಗವ್ಯ ಹೊಯ್ದು 'ಶುದ್ಧ' ಮಾಡಿಕೊಂಡರು. ಡಿಸೆಂಬರ್‌ನಲ್ಲಿ ಮತ್ತೆ ಸತ್ಯಾಗ್ರಹಕ್ಕೆ ಜನ ಸೇರಿದಾಗ ಕೋರ್ಟಿನ ತಡೆಯಾಜ್ಞೆ ಅಡ್ಡ ಬಂತು. ಬಾಬಾಸಾಹೇಬರು ಅದನ್ನು ಮೀರಲಿಲ್ಲ, ಹಾಗೆಂದು ಮನೆಗೂ ಹೋಗಲಿಲ್ಲ. ಡಿಸೆಂಬರ್ 25ರಂದು ಅಲ್ಲಿಯೇ ಮನುಸ್ಮೃತಿ ಸುಟ್ಟರು, ಕೆರೆಯ ಕೇಸನ್ನು ಕೋರ್ಟಿನಲ್ಲಿ ನಡೆಸಿದರು. ಬಾಂಬೆ ಹೈಕೋರ್ಟಿನ ತೀರ್ಪು ನಮ್ಮ ಪರವಾಗಿ ಬಂದದ್ದು 1937ರ ಮಾರ್ಚ್ 17ಕ್ಕೆ. ಮೂರು ದಿನ ಕಮ್ಮಿ ಹತ್ತು ವರ್ಷ.

ಸಂವರದ ಅರ್ಥ ಕೇಳುವ ಹುಡುಗರಿಗೆ ನಾನು ಮಹಾಡದ ಈ ಹತ್ತು ವರ್ಷ ತೋರಿಸುತ್ತೇನೆ. ಒಳಗೆಳೆದುಕೊಂಡದ್ದು ಯಾವುದು? ಕೈಯಲ್ಲಿದ್ದ ಕಲ್ಲು, ನಾಲಿಗೆಯ ಮೇಲಿದ್ದ ಬೈಗುಳ, ಎದೆಯೊಳಗಿನ ದ್ವೇಷ. ಹೊರಗೇ ಇದ್ದದ್ದು ಯಾವುದು? ಬಾಯಾರಿದ ಬಾಯಿ, ಅರ್ಜಿ ಬರೆಯುವ ಕೈ, ಕೆರೆಯ ಕಡೆಗೆ ನಡೆಯುವ ಕಾಲು.

ನಮ್ಮ ಅಧ್ಯಯನ ಕೂಟದಲ್ಲಿ ಈ ವಿಚಾರ ಒಮ್ಮೆ ಜೋರಾಗಿಯೇ ಚರ್ಚೆಯಾಯಿತು, ಹಳಬರಿಗೆ ನೆನಪಿರಬಹುದು. ಒಬ್ಬ ಹುಡುಗ ತಾನು ಕೆಲಸ ಮಾಡುವ ಜಾಗದಲ್ಲಿ ಚಹಾದ ಕಪ್ಪು ಬೇರೆ ಇಟ್ಟಿರುವುದನ್ನು ಹೇಳಿದ. ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಹಿಡಿಕೆ ಮುರಿದ ಒಂದು ಕಪ್ಪು ಕಿಟಕಿಯ ಮೇಲೆ ಬೇರೆ ಇರುತ್ತದೆ ಅಷ್ಟೇ. ನಮ್ಮ ಹಿರಿಯ ಉಪಾಸಕರೊಬ್ಬರು ಇದೇ ಆಮೆಯ ಸುತ್ತ ಎತ್ತಿಕೊಂಡು, "ತಮ್ಮಾ, ಸಿಟ್ಟಿಗಿ ಬಂದ್ರ ನಾವು ಸೋತಂಗ, ಮಾರ ಅದನ್ನೇ ಕಾಯ್ಲತ್ತಾನ" ಎಂದರು. ಹುಡುಗ ಹೇಳಿದ: "ಖರೇ ಅದ ಕಾಕಾ. ಆದ್ರ ಆ ನರಿ ಹೋದ ಮ್ಯಾಲ ಆಮಿ ಹೊರಗ ಬಂತು. ನಮ್ಮ ನರಿ ದಿನಾ ಡ್ಯೂಟಿಗಿ ಬರ್ತದ."

ಆ ದಿನ ನಗು ಬಂತು ಎಲ್ಲರಿಗೂ. ಆದರೆ ಅವನ ಮಾತಿನಲ್ಲಿ ಸುತ್ತದ ಒಂದು ಸೂಕ್ಷ್ಮ ಸಿಕ್ಕಿತು. ಸುತ್ತದ ಆಮೆ ಚಿಪ್ಪಿನೊಳಗೆ ಬದುಕುತ್ತಿರಲಿಲ್ಲ. ಅದು ಹೊರಗೆ ಬಂದು ತನ್ನ ಆಹಾರ ಹುಡುಕುತ್ತಿತ್ತು, ನದಿಯ ದಂಡೆ ನರಿಗೆ ಎಷ್ಟು ಸೇರಿದ್ದೋ ಅದಕ್ಕೂ ಅಷ್ಟೇ ಸೇರಿತ್ತು. ನರಿಯನ್ನು ಮೊದಲು ಕಂಡದ್ದೂ ಆಮೆಯೇ. ಮುದುಡಿಕೊಂಡದ್ದು ಅದರ ಸ್ವಂತ ನಿರ್ಧಾರ, ಒಂದು ಹೊತ್ತಿನ ಉಪಾಯ. ದಂಡೆಗೆ ಬರಲೇಬಾರದು ಎಂಬ ಕಟ್ಟಳೆ ಅದರ ಮೇಲೆ ಇರಲಿಲ್ಲ.

ಇನ್ನು ಬಾಯಿ ಮುಚ್ಚಿಕೊಂಡಿರುವುದೇ ಶೀಲ ಎಂದು ಭಗವಾನರು ಹೇಳಿದ್ದೇ ಇಲ್ಲ. ಮಜ್ಝಿಮ ನಿಕಾಯದಲ್ಲಿ ಅಭಯ ರಾಜಕುಮಾರನಿಗೆ ಕೊಟ್ಟ ಉತ್ತರ ನೋಡಿರಿ. ಮಾತು ಸತ್ಯವಾಗಿದ್ದು, ಹಿತಕರವಾಗಿದ್ದರೆ, ಕೇಳುವವರಿಗೆ ಅದು ರುಚಿಸದಿದ್ದರೂ ತಥಾಗತರು ಹೇಳುತ್ತಾರೆ, ಆದರೆ ಹೇಳುವ ಸಮಯ ನೋಡಿ ಹೇಳುತ್ತಾರೆ. ಸಮಯ ನೋಡುವುದು ಸಂವರ. ಎಂದೂ ಹೇಳದಿರುವುದಕ್ಕೆ ಬೇರೆ ಹೆಸರು ಹುಡುಕಬೇಕು.

ಆ ಹಿರಿಯರ ಮಾತನ್ನು ಹೇಡಿತನ ಎಂದು ತಳ್ಳಿಹಾಕಲು ಮಾತ್ರ ನನಗೆ ಮನಸ್ಸಿಲ್ಲ. ಕತ್ತು ಹೊರಗೆ ಹಾಕಿದವರ ಗತಿ ಏನಾಯಿತೆಂಬುದು ನಮ್ಮ ಬಸವಕಲ್ಯಾಣಕ್ಕೆ ಗೊತ್ತಿರುವಷ್ಟು ಬೇರೆ ಯಾವ ಊರಿಗೆ ಗೊತ್ತು? ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂದು ಆ ಇಬ್ಬರು ತಂದೆಯರನ್ನು ಎಳೆಹೂಟೆಯ ಶಿಕ್ಷೆಗೆ ಕೊಟ್ಟು ಕೊಂದದ್ದನ್ನು ಶರಣ ಪರಂಪರೆ ಎಂಟು ನೂರು ವರ್ಷಗಳಿಂದ ನೆನಪಿಟ್ಟುಕೊಂಡಿದೆ. ಹೆದರಿಕೆ ಗಾಳಿಯಿಂದ ಹುಟ್ಟುವುದಿಲ್ಲ. ಅವರು ಆ ಹುಡುಗನ ವಯಸ್ಸಿನಲ್ಲಿದ್ದಾಗ ಚಹಾದ ಅಂಗಡಿಯ ಒಳಗೆ ಕೂರುವ ಮಾತೇ ಇರಲಿಲ್ಲ. ಮುದುಡಿಕೊಂಡು ಉಳಿದರು, ಉಳಿದದ್ದರಿಂದ ಮಕ್ಕಳನ್ನು ಓದಿಸಿದರು. ಆ ಮೌನಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅದನ್ನೇ ಧಮ್ಮ ಎಂದು ಮೊಮ್ಮಕ್ಕಳಿಗೆ ಪಾಠ ಮಾಡುವುದು ಬೇಡ.

ಹಾಗಾದರೆ ಇವೆರಡನ್ನು ಬೇರೆ ಮಾಡಿ ತಿಳಿಯುವುದು ಹೇಗೆ? ಕೆರೆಯ ದಂಡೆಯಲ್ಲಿ ನಾನು ಕಂಡುಕೊಂಡದ್ದು ಇಷ್ಟೇ: ದೂರ ಸರಿದು ನೋಡಬೇಕು. ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಎಲ್ಲ ಶಿಕ್ಷಕರೂ "ಬಹಳ ಶಾಂತ ಹುಡುಗಿ" ಎಂದು ಹೊಗಳುತ್ತಿದ್ದರು, ಪ್ರಗತಿ ಪತ್ರದಲ್ಲೂ ಹಾಗೆಯೇ ಬರೆಯುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಅವಳದೇ ಗದ್ದಲ. ಕುಂಟಾಟದಲ್ಲಿ ಮೋಸ ಮಾಡಿದವರನ್ನು ಅವಳು ಬಿಡುತ್ತಲೇ ಇರಲಿಲ್ಲ. ಶಾಂತ ಸ್ವಭಾವದ ಮಗು ಗಂಟೆ ಬಾರಿಸಿದ ಕೂಡಲೇ ಬೇರೆ ಆಗುವುದುಂಟೇ? ನಾನು ಕಪ್ಪು ಹಲಗೆಯ ಹತ್ತಿರ ನಿಲ್ಲುವುದು ಬಿಟ್ಟು ಹಿಂದಿನ ಸಾಲಿಗೆ ಹೋಗಿ ಕೂರತೊಡಗಿದೆ. ಪಾಠವನ್ನು ಮಕ್ಕಳೇ ಓದಿ ಮಕ್ಕಳೇ ಪ್ರಶ್ನೆ ಕೇಳಬೇಕೆಂದು ಮಾಡಿದೆ. ಮೂರು ವಾರ ಬೇಕಾಯಿತು. ಮೊದಲ ಪ್ರಶ್ನೆ ಎಷ್ಟು ಸಣ್ಣ ದನಿಯಲ್ಲಿ ಬಂತೆಂದರೆ, ಜೋಳದ ಕಾಳಿನಷ್ಟು ಮೂಗು ನೀರಿನ ಮೇಲೆ ಬಂದ ಹಾಗೆ.

ಮನೆಗಳಲ್ಲಿಯೂ ಇದನ್ನು ನೋಡಿಕೊಳ್ಳಬೇಕು. "ನಮ್ಮ ಸೊಸೆ ಎದುರು ಮಾತಾಡುವುದಿಲ್ಲ, ಶೀಲವಂತೆ" ಎಂದು ವಿಹಾರದಲ್ಲಿಯೇ ಹೆಮ್ಮೆಯಿಂದ ಹೇಳುವವರಿದ್ದಾರೆ. ಅತ್ತೆ ಮಾವ ಊರಿಗೆ ಹೋದ ದಿನ ಆ ಸೊಸೆ ಹಾಡು ಹೇಳಿಕೊಂಡು ಅಡಿಗೆ ಮಾಡುತ್ತಿದ್ದರೆ, ಅವಳ ಮೌನ ಪಂಚಶೀಲದಿಂದ ಬಂದದ್ದಲ್ಲ ಎಂದು ತಿಳಿಯಬೇಕು.

ಇದರ ಇನ್ನೊಂದು ಮುಖ ಅಂಗಡಿಗಳಲ್ಲಿ ಕಾಣುತ್ತದೆ. ಊರೂರಿನ ಅಂಗಡಿಗಳಲ್ಲಿ, ಮನೆಯ ಶೋಕೇಸುಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡುವ ಪುಟ್ಟ ಹಸಿರು ಆಮೆಯನ್ನು ನೀವೂ ನೋಡಿರುತ್ತೀರಿ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತದೆ. ಅದು ಅಮೆರಿಕದ ಆಮೆ, ಲಕ್ಷ್ಮಿ ಬರುತ್ತಾಳೆಂದು ಇಲ್ಲಿ ಮಾರುತ್ತಾರೆ. ತರುವಾಗ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಬೆಳೆದರೆ ಊಟದ ತಾಟಿನಷ್ಟಾಗುತ್ತದೆ. ಆಗ ರಾತ್ರಿ ಹೊತ್ತು ಹೋಗಿ ಕೆರೆಗೆ ಬಿಟ್ಟು ಬರುತ್ತಾರೆ, ಅಲ್ಲಿ ಅದು ನಮ್ಮ ಆಮೆಗಳ ಆಹಾರಕ್ಕೂ ಜಾಗಕ್ಕೂ ಕುತ್ತು ತರುತ್ತದೆ. ಹಾಗೆ ಬಿಡುವುದನ್ನು ಕೆಲವರು ಜೀವದಾನ ಎಂದುಕೊಂಡು ಪುಣ್ಯದ ಲೆಕ್ಕಕ್ಕೂ ಹಾಕಿಕೊಳ್ಳುತ್ತಾರೆ. ಆ ಗಾಜಿನ ಆಮೆಯನ್ನು ನಿಂತು ನೋಡಿದ್ದೇನೆ. ಬಂದವರೆಲ್ಲ ಬೆರಳಿನಿಂದ ಗಾಜು ಕುಟ್ಟುತ್ತಾರೆ. ಅದು ಕತ್ತು ಒಳಗೆಳೆದುಕೊಳ್ಳುವುದೂ ಇಲ್ಲ. ಗಾಜಿನ ಗೋಡೆಗೆ ಮುಖ ಒತ್ತಿ ಕಾಲು ಬಡಿಯುತ್ತಲೇ ಇರುತ್ತದೆ. ದಿನಕ್ಕೆ ನೂರು ಸಲ ಕುಟ್ಟಿಸಿಕೊಂಡ ಮೇಲೆ ಒಳಗೆ ಹೋಗುವುದಕ್ಕೂ ಅರ್ಥ ಉಳಿಯುವುದಿಲ್ಲವೇನೋ. ಹೊರಗೆ ಬರುವ ಹಕ್ಕಿನ ಜೊತೆಗೆ ಒಳಗೆ ಹೋಗುವ ಹಕ್ಕೂ ಕಳೆದುಹೋಗಿರುತ್ತದೆ. ಹೊರಬರಲು ದಾರಿ ಇರುವವರಿಗೆ ಮಾತ್ರ ಸಂವರ ಸಾಧ್ಯ ಎಂದು ನನಗೆ ಹೊಳೆದದ್ದು ಆ ಪೆಟ್ಟಿಗೆಯ ಮುಂದೆ.

ನಮ್ಮ ದೇಶದ ಆಮೆಗಳ ಕತೆ ಇನ್ನೂ ಕಷ್ಟದ್ದು. ಬೆನ್ನ ಮೇಲೆ ಹಳದಿ ಗೆರೆಗಳ ನಕ್ಷತ್ರ ಬಿಡಿಸಿದಂತಿರುವ ನಕ್ಷತ್ರ ಆಮೆ ಇದೆಯಲ್ಲ, ಅದನ್ನು ಸೂಟ್‌ಕೇಸುಗಳಲ್ಲಿ ಬಟ್ಟೆಯ ನಡುವೆ ತುಂಬಿ ವಿಮಾನದಲ್ಲಿ ಹೊರದೇಶಕ್ಕೆ ಸಾಗಿಸುತ್ತಾರೆ. ಕಾಲು ಅಲುಗದಂತೆ ಟೇಪು ಸುತ್ತಿರುತ್ತಾರೆ. ಇದರ ಜೊತೆಗೆ ಇಪ್ಪತ್ತು ಉಗುರಿನ ಆಮೆ ಮನೆಯಲ್ಲಿದ್ದರೆ ನಿಧಿ ಸಿಗುತ್ತದೆ ಎಂಬ ಮೋಸ ಬೇರೆ ನಡೆಯುತ್ತದೆ, ಮಹಾರಾಷ್ಟ್ರದಲ್ಲೂ ಇದೆ, ನಮ್ಮ ಗಡಿಯಲ್ಲೂ ಇದೆ. ನಕ್ಷತ್ರ ಆಮೆಗೆ ಸಾಮಾನ್ಯವಾಗಿ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ನಮ್ಮ ಕೆರೆಯ ನುಣುಪು ಚಿಪ್ಪಿನ ಆಮೆಗೆ ಕಾಲಿಗೆ ಮೂರರಂತೆ ಬರೀ 12. ಎಣಿಸಲು ಬರುವ ಮಗುವಿಗೆ ಈ ವ್ಯಾಪಾರದ ಬಣ್ಣ ತಿಳಿಯುತ್ತದೆ, ಉಳಿದದ್ದಕ್ಕೆ ಬಾಬಾಸಾಹೇಬರ ಬಾವೀಸು ಪ್ರತಿಜ್ಞೆಗಳು ಸಾಕು. ಸಾಮ್ರಾಟ ಅಶೋಕ ಪಟ್ಟಾಭಿಷೇಕವಾದ 26ನೇ ವರ್ಷದಲ್ಲಿ ಬರೆಸಿದ ಐದನೇ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯಿದೆ, ಆಮೆಯೂ ಅದರಲ್ಲಿದೆ. ನಮ್ಮ ಕಾಲದ ಶಾಸನ ಎಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. 2022ರ ತಿದ್ದುಪಡಿಯಲ್ಲಿ ನಕ್ಷತ್ರ ಆಮೆ ಮೊದಲನೇ ಅನುಸೂಚಿಗೆ, ಅಂದರೆ ಹುಲಿಯ ಸಾಲಿಗೆ ಸೇರಿತು. ನಮ್ಮ ನೆಲದ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಯಾರ ಹತ್ತಿರವಾದರೂ ಇದ್ದರೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಲು ಹೇಳಿರಿ, ತಾವಾಗಿಯೇ ಒಯ್ದು ಕೆರೆಗೆ ಬಿಡುವುದು ಬೇಡ. ನಕ್ಷತ್ರ ಆಮೆ ನೆಲದ ಪ್ರಾಣಿ, ನೀರಿಗೆ ಹಾಕಿದರೆ ಮುಳುಗಿ ಸಾಯುತ್ತದೆ.

2018ರ ನವೆಂಬರ್‌ನಲ್ಲಿ ಸಿಂಗಪುರದಲ್ಲಿ ಸಿಕ್ಕಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಕರ್ನಾಟಕಕ್ಕೆ ವಾಪಸ್ ತಂದರು. ಹೀಗೆ ಮರಳಿದ ಪ್ರಾಣಿಯನ್ನು ನೇರವಾಗಿ ಕಾಡಿಗೆ ಸುರಿಯುವಂತಿಲ್ಲ. ಮೊದಲು ರೋಗವಿದೆಯೇ ಎಂದು ತಪಾಸಣೆ, ಬೇರೆ ಇಟ್ಟು ಆರೈಕೆ, ಆಮೇಲೆ ಬೇಲಿ ಹಾಕಿದ ಕುರುಚಲು ಜಾಗದಲ್ಲಿ ತಿಂಗಳುಗಟ್ಟಲೆ ಅಭ್ಯಾಸ. ತಾಟಿನಲ್ಲಿ ಹೆಚ್ಚಿಟ್ಟ ಸೊಪ್ಪು ತಿಂದು ಬೆಳೆದದ್ದು ಹುಲ್ಲು ಹುಡುಕುವುದನ್ನು ಕಲಿಯಬೇಕು, ಬಿಸಿಲಿಗೆ ಪೊದೆ ಯಾವುದು, ಮಳೆಗೆ ಯಾವುದು ಎಂದು ತಿಳಿಯಬೇಕು. ಆಮೇಲೆ ಬೇಲಿ ತೆಗೆಯುತ್ತಾರೆ. "ಎಪ್ಪತ್ತು ವರ್ಷ ಆಯ್ತು, ಇನ್ನೂ ಎಷ್ಟು ದಿನ ನಿಮಗೆ ಹಾಸ್ಟೆಲು, ಸ್ಕಾಲರ್‌ಶಿಪ್ಪು?" ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದಾಗ ನನಗೆ ಈ ಬೇಲಿ ನೆನಪಾಗುತ್ತದೆ. ಕೆಲವು ವರ್ಷ ಪೆಟ್ಟಿಗೆಯಲ್ಲಿದ್ದ ಆಮೆಗೆ ಅಷ್ಟು ಅಭ್ಯಾಸ ಬೇಕಾದರೆ, ಸಾವಿರಾರು ವರ್ಷ ಇದ್ದವರಿಗೆ ಎಷ್ಟು ಬೇಕೆಂದು ಕೇಳಿದವರೇ ಲೆಕ್ಕ ಹಾಕಲಿ.

ಬಿಡಿಸುವವರು ಬಾರದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕೋಲ್ಕತ್ತಾದ ಅದ್ವೈತ ಎಂಬ ದೈತ್ಯ ಆಮೆ ಇತ್ತು. ಹಿಂದೂ ಮಹಾಸಾಗರದ ಅಲ್ಡಾಬ್ರಾ ದ್ವೀಪದ ಜಾತಿಯದು. 1870ರ ದಶಕದಲ್ಲಿ ಅಲಿಪುರ ಮೃಗಾಲಯಕ್ಕೆ ಬಂತು. ಬಾಬಾಸಾಹೇಬರು ಹುಟ್ಟಿದಾಗ ಅದು ಆ ಆವರಣದಲ್ಲಿತ್ತು. ಮಹಾಡ, ಪುಣೆ ಒಪ್ಪಂದ, ಸಂವಿಧಾನ, ನಾಗಪುರದ ದೀಕ್ಷೆ ಎಲ್ಲ ಆಗುವಾಗಲೂ ಅಲ್ಲಿಯೇ ಇತ್ತು. ಸತ್ತದ್ದು 2006ರ ಮಾರ್ಚ್‌ನಲ್ಲಿ. ಜನ ಅದರ ಆಯುಷ್ಯ ಎಣಿಸಿ ಬೆರಗಾಗುತ್ತಾರೆ. ನೂರಾಮೂವತ್ತು ವರ್ಷ ಒಂದೇ ಆವರಣ.

ಗಡಿ ಭಾಗದ ಅನೇಕ ದೇವಸ್ಥಾನಗಳಲ್ಲಿ ಗರ್ಭಗುಡಿಯ ಮುಂದೆ ನೆಲದಲ್ಲಿ ಕಲ್ಲಿನ ಆಮೆ ಕೆತ್ತಿರುತ್ತಾರೆ. ಒಳಗೆ ಹೋಗುವವರು ಆಮೆಯಂತೆ ಇಂದ್ರಿಯಗಳನ್ನು ಎಳೆದುಕೊಳ್ಳಬೇಕು ಎಂದು ಅದರ ಅರ್ಥವಂತೆ. ಭಗವದ್ಗೀತೆಯ ಎರಡನೇ ಅಧ್ಯಾಯದಲ್ಲೂ ಆಮೆಯ ಹೋಲಿಕೆ ಬರುತ್ತದೆ. ಹೋಲಿಕೆ ಒಳ್ಳೆಯದೇ. ಆದರೆ ಆ ಕಲ್ಲಾಮೆಯನ್ನು ಮುಟ್ಟುವಷ್ಟು ಒಳಗೆ ಹೋಗಲು ನಮ್ಮ ಹಿರಿಯರಿಗೆ ಅಪ್ಪಣೆ ಇರಲಿಲ್ಲ. ಅವರು ಹೊರಗೇ ಮೈಯೆಲ್ಲ ಎಳೆದುಕೊಂಡು ನಿಂತಿದ್ದರು. ನಿಗ್ರಹದ ಪಾಠ ಒಳಗಿನವರಿಗೆ, ನಿಗ್ರಹದ ಬದುಕು ಹೊರಗಿನವರಿಗೆ.

ಜಾತಕಗಳಲ್ಲಿ ಆಮೆ ಹಲವು ಸಲ ಬರುತ್ತದೆ. ಕಚ್ಛಪ ಜಾತಕದ ಆಮೆ ಕೆರೆ ಬತ್ತಿದರೂ ಹೊರಡಲಿಲ್ಲ. ನಾನು ಹುಟ್ಟಿದ್ದು ಇಲ್ಲಿ, ತಂದೆತಾಯಿಯ ಜಾಗ ಇದು ಎಂದು ಕೆಸರಿನಲ್ಲಿ ಹುದುಗಿತು. ಮಣ್ಣಿಗೆ ಬಂದ ಕುಂಬಾರನ ಗುದ್ದಲಿ ಬೆನ್ನಿಗೆ ಬಿದ್ದು ಸತ್ತಿತು. (ನಿಜದ ಆಮೆ ಬೇಸಿಗೆಯಲ್ಲಿ ಕೆಸರಿನೊಳಗೆ ಹುದುಗಿಯೇ ಬದುಕುತ್ತದೆ, ಅದು ಅದರ ಜಾಣತನ. ಆದರೆ ಹೂಳೆತ್ತುವ ಜೆಸಿಬಿ ಬಂದರೆ ಆ ಜಾಣತನ ನಡೆಯುವುದಿಲ್ಲ.) 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯಲಾರೆ ಎಂದು ಸಾರಿ, 1956ರಲ್ಲಿ ನಾಗಪುರಕ್ಕೆ ಬಂದ ಬಾಬಾಸಾಹೇಬರಿಗೆ ಈ ಜಾತಕದ ಅರ್ಥ ಚೆನ್ನಾಗಿ ಗೊತ್ತಿದ್ದಿರಬೇಕು. ಬತ್ತಿದ ಕೆರೆ ಬಿಡಲು ಅವರೂ ಇಪ್ಪತ್ತೊಂದು ವರ್ಷ ತೆಗೆದುಕೊಂಡರು, ಆದರೆ ಆ ಇಪ್ಪತ್ತೊಂದು ವರ್ಷ ಅವರು ಬೇರೆ ನೀರು ಹುಡುಕುತ್ತಿದ್ದರು.

ನನಗೆ ಹೆಚ್ಚು ಇಷ್ಟ ಕುರುಂಗಮಿಗ ಜಾತಕ. ಜಿಂಕೆ, ಮರಕುಟಿಗ, ಆಮೆ ಮೂವರು ಗೆಳೆಯರು. ಜಿಂಕೆ ಬೇಡನ ಚರ್ಮದ ಕುಣಿಕೆಗೆ ಸಿಕ್ಕಿಬೀಳುತ್ತದೆ. ಮರಕುಟಿಗ ಹಾರಿ ಹೋಗಿ ಬೇಡ ಮನೆಯಿಂದ ಬೇಗ ಹೊರಡದಂತೆ ಅವನ ಮುಖಕ್ಕೆ ಎರಗಿ ತಡೆಯುತ್ತದೆ. ಅಷ್ಟರಲ್ಲಿ ಆಮೆ ಬಾಯಲ್ಲಿ ರಕ್ತ ಬರುವವರೆಗೆ ಚರ್ಮದ ಪಟ್ಟಿಗಳನ್ನು ಕಡಿಯುತ್ತದೆ. ಕೊನೆಯ ಪಟ್ಟಿ ಉಳಿದಾಗ ಬೇಡ ಬಂದೇ ಬಿಡುತ್ತಾನೆ. ಜಿಂಕೆ ಹರಿದುಕೊಂಡು ಓಡುತ್ತದೆ, ಹಕ್ಕಿ ಮರದ ಮೇಲೆ ಕೂರುತ್ತದೆ. ಆಮೆ ಓಡಲಾರದು. ಬೇಡ ಅದನ್ನು ಚೀಲಕ್ಕೆ ಹಾಕಿ ಮರದ ಮೋಟಿಗೆ ಕಟ್ಟುತ್ತಾನೆ. ಈ ಆಮೆಗೂ ಚಿಪ್ಪಿತ್ತು. ದಂಡೆಯಲ್ಲೇ ಮುದುಡಿಕೊಂಡು ಕೂತಿದ್ದರೆ ಯಾರೂ ಅದನ್ನು ಹಿಡಿಯುತ್ತಿರಲಿಲ್ಲ.

ಓಡಿಹೋದ ಜಿಂಕೆ ಹಿಂತಿರುಗುತ್ತದೆ. ಬಲ ಕುಂದಿದಂತೆ ನಟಿಸಿ ಬೇಡನನ್ನು ಕಾಡಿನೊಳಗೆ ದೂರ ಸೆಳೆದುಕೊಂಡು ಹೋಗಿ, ಬೇರೆ ದಾರಿಯಿಂದ ಮರಳಿ ಬಂದು, ಕೊಂಬಿನಿಂದ ಚೀಲ ಎತ್ತಿ ನೆಲಕ್ಕೆ ಹಾಕಿ ಸೀಳುತ್ತದೆ. ಆಮೆ ನೀರಿಗಿಳಿಯುತ್ತದೆ.

ಮುಂದಿನ ಹುಣ್ಣಿಮೆಯ ಸಭೆಗೆ ಈ ಜಾತಕವನ್ನೇ ಓದುವುದೆಂದು ಕೂಟದವರು ಗೊತ್ತುಮಾಡಿದ್ದಾರೆ. ಸೊಸೆಯಂದಿರನ್ನೂ ಮಕ್ಕಳನ್ನೂ ಕರೆದುಕೊಂಡು ಬನ್ನಿರಿ. ಈ ಸಲ ಮೊದಲು ಅವರು ಮಾತಾಡುತ್ತಾರೆ, ಹಿರಿಯರು ಹಿಂದಿನ ಸಾಲಿನಲ್ಲಿ ಕೂರುತ್ತಾರೆ.

ಜೈಭೀಮ್.